ಸತ್ಯಕ್ಕಾಗಿ ಮೌನ ತಾಳಿದ ಪತ್ರಕರ್ತರು: ತಾತಯ್ಯನವರ ಜೀವನ

ನಡೆಯೂ ನುಡಿಯೂ ಒಂದಾಗಿರಬೇಕೆಂಬುದು ಶರಣಧರ್ಮದ ಮೂಲತತ್ತ್ವಗಳಲ್ಲಿ ಒಂದು. ನುಡಿ ಸತ್ಯವಾಗಿರಬೇಕು, ಆ ಸತ್ಯಕ್ಕೆ ನಡೆ ಸಾಕ್ಷಿಯಾಗಬೇಕು. ಮನೆಯ ಜಗಲಿಯ ಮೇಲೆ ಕುಳಿತು ಈ ತತ್ತ್ವವನ್ನು ಒಪ್ಪದವರಿಲ್ಲ. ಅಧಿಕಾರಸ್ಥರ ಮುಂದೆ, ತನ್ನ ಜೀವನೋಪಾಯಕ್ಕೆ ಕುಂದು ಬರುವ ಸಂದರ್ಭದಲ್ಲಿ, ಅದನ್ನು ಆಚರಿಸಿ ತೋರಿಸುವವರು ಮಾತ್ರ ವಿರಳ. ಅಂತಹ ವಿರಳರಲ್ಲಿ ಮೈಸೂರಿನ ಎಂ. ವೆಂಕಟಕೃಷ್ಣಯ್ಯನವರು ಒಬ್ಬರು. ನಾಡಿನ ಜನರು ಅವರನ್ನು ಪ್ರೀತಿಯಿಂದ ತಾತಯ್ಯನವರೆಂದು ಕರೆದರು. ಇಂದಿಗೂ ಅದೇ ಹೆಸರೇ ಉಳಿದಿದೆ. ಅವರು ವೀರಶೈವ ಕುಲದಲ್ಲಿ ಜನಿಸಿದವರಲ್ಲ. ಆದರೆ ಅವರ ಬಾಳಿನ ಅನೇಕ ವರ್ಷಗಳು ಒಬ್ಬ ವೀರಶೈವ ದಾನಿಯ ಹೆಸರಿನ ವಿದ್ಯಾಶಾಲೆಯ ಸೇವೆಯಲ್ಲಿ ಸಂದವು. ಅವರು ಎದುರಿಸಿದ ಪ್ರಶ್ನೆಯಾದರೋ, ಚಿಕ್ಕಮಗಳೂರು, ಮೂಡಿಗೆರೆ, ಕಳಸಗಳ ಕಾಫಿಯ ಬೆಟ್ಟಗಳಲ್ಲಿ ಬಾಳುವ ಗೃಹಸ್ಥರನ್ನೂ ಸೇರಿಸಿಕೊಂಡು ನಮ್ಮೆಲ್ಲರ ಪ್ರಶ್ನೆಯಾಗಿದೆ. ಆದಕಾರಣ ಅವರ ಚರಿತ್ರೆಯನ್ನು ಸದ್ಭಕ್ತರಾದ ವಾಚಕರ ಮುಂದೆ ಸಂಗ್ರಹವಾಗಿ ಇರಿಸಿದೆ.

ತಾತಯ್ಯನವರು ಜನಿಸಿದ್ದು 1844ರಲ್ಲಿ, ಮಗ್ಗೆ ಎಂಬ ಗ್ರಾಮದಲ್ಲಿ. ಆಗ ಮೈಸೂರು ಸೀಮೆಯಲ್ಲಿ ಅರಸರ ಆಡಳಿತವಿರಲಿಲ್ಲ. 1831ರಿಂದ ಬ್ರಿಟಿಷ್ ಕಮಿಷನರುಗಳೇ ರಾಜ್ಯವನ್ನು ನಡೆಸುತ್ತಿದ್ದರು. ಐರೋಪ್ಯರು ಪಶ್ಚಿಮದ ಬೆಟ್ಟಗಳಲ್ಲಿ ಕಾಡನ್ನು ಸವರಿ ಕಾಫಿಯ ತೋಟಗಳನ್ನು ಎಬ್ಬಿಸುತ್ತಿದ್ದ ಕಾಲ ಅದು. ಇಂತಹ ಸಂಧಿಕಾಲದಲ್ಲಿ ಬೆಳೆದ ಬಾಲಕನು ವಿದ್ಯೆಗಾಗಿ ಮೈಸೂರನ್ನು ಸೇರಿ, ಇಂಗ್ಲಿಷ್ ವಿದ್ಯಾಭ್ಯಾಸವನ್ನು ಪಡೆದು, ಉಪಾಧ್ಯಾಯ ವೃತ್ತಿಯನ್ನು ಕೈಗೊಂಡನು. ಇಂಗ್ಲಿಷ್ ಬಲ್ಲವರಿಗೆ ಸರ್ಕಾರದ ದೊಡ್ಡ ಹುದ್ದೆಗಳ ಬಾಗಿಲು ತೆರೆದಿದ್ದ ಆ ದಿನಗಳಲ್ಲಿ, ಮಕ್ಕಳಿಗೆ ಪಾಠ ಹೇಳುವ ಕಾಯಕವೇ ಅವರಿಗೆ ಮೆಚ್ಚಿಗೆಯಾಯಿತು.

ಮೈಸೂರಿನಲ್ಲಿ ಗುರಿಕಾರ ಮರಿಮಲ್ಲಪ್ಪನವರೆಂಬ ವೀರಶೈವ ಮಹನೀಯರು ತಮ್ಮ ಸಂಪತ್ತನ್ನು ವಿದ್ಯಾದಾನಕ್ಕೆ ಮೀಸಲಿಟ್ಟ ಸಂಗತಿ ನಮ್ಮ ವಾಚಕರಲ್ಲಿ ಅನೇಕರಿಗೆ ತಿಳಿದಿದೆ. ಅವರ ಹೆಸರಿನ ಪಾಠಶಾಲೆ ಇಂದಿಗೂ ಆ ನಗರದಲ್ಲಿ ನಡೆಯುತ್ತಿದೆ. ಆ ಶಾಲೆಯ ಮುಖ್ಯೋಪಾಧ್ಯಾಯರಾಗಿ ತಾತಯ್ಯನವರು ದೀರ್ಘಕಾಲ ದುಡಿದರು. ಇಲ್ಲಿ ಒಂದು ಅಂಶವನ್ನು ಗಮನಿಸಬೇಕು. ಸರ್ಕಾರದ ಕಚೇರಿಯಲ್ಲಿ ಸಂಬಳ ಪಡೆಯುವವನು ಸರ್ಕಾರದ ತಪ್ಪನ್ನು ಬಹಿರಂಗವಾಗಿ ಎತ್ತಿ ಹೇಳಲಾರನು. ಅವನ ಕೈ ಅವನ ಅನ್ನಕ್ಕೆ ಕಟ್ಟಲ್ಪಟ್ಟಿರುತ್ತದೆ. ದಾನಿಯೊಬ್ಬನ ಧನದಿಂದ ಹುಟ್ಟಿದ ಶಾಲೆಯ ಉಪಾಧ್ಯಾಯನಿಗೆ ಆ ಕಟ್ಟು ಅಷ್ಟು ಬಿಗಿಯಾಗಿರಲಿಲ್ಲ. ಮರಿಮಲ್ಲಪ್ಪನವರು ಮಾಡಿದ ದಾಸೋಹ ಬಡಮಕ್ಕಳಿಗೆ ಅಕ್ಷರವನ್ನು ನೀಡಿತು. ಅದರೊಡನೆ, ನಾಡಿನ ಒಬ್ಬ ಸತ್ಯವಾದಿಗೆ ನಿಲ್ಲುವ ನೆಲವನ್ನೂ ನೀಡಿತು. ವಿದ್ಯಾಸಂಸ್ಥೆಗಳಿಗೆ ದಾನ ಮಾಡುವ ಗೃಹಸ್ಥರು ಈ ಎರಡನೆಯ ಫಲವನ್ನು ಸಾಮಾನ್ಯವಾಗಿ ಎಣಿಸುವುದಿಲ್ಲ; ಆದರೆ ಅದು ಮೊದಲನೆಯದಕ್ಕಿಂತ ಕಿರಿದಾದುದೇನೂ ಅಲ್ಲ.

1881ರ ಮಾರ್ಚ್ 25ರಂದು ಮೈಸೂರು ರಾಜ್ಯ ಮರಳಿ ಒಡೆಯರ ಕೈಗೆ ಬಂದಿತು. ಅದೇ ವರ್ಷ ದಿವಾನ್ ರಂಗಾಚಾರ್ಲು ಅವರು ಪ್ರಜಾಪ್ರತಿನಿಧಿ ಸಭೆಯನ್ನು ಸ್ಥಾಪಿಸಿದರು. ದಸರೆಯ ಕಾಲದಲ್ಲಿ ಎಲ್ಲ ಜಿಲ್ಲೆಗಳಿಂದ ರೈತರೂ ವರ್ತಕರೂ ಮೈಸೂರಿಗೆ ಬಂದು ದಿವಾನರ ಮುಂದೆ ತಮ್ಮ ಕುಂದುಕೊರತೆಗಳನ್ನು ನಿವೇದಿಸಬಹುದಾಗಿತ್ತು. ಇಂದಿನ ಚಿಕ್ಕಮಗಳೂರು ಜಿಲ್ಲೆಗೆ ಆಗ ಕಡೂರು ಜಿಲ್ಲೆ ಎಂಬ ಹೆಸರಿತ್ತು. ಅಲ್ಲಿನ ಪ್ರತಿನಿಧಿಗಳೂ ಘಟ್ಟದ ದಾರಿಗಳನ್ನು ದಾಟಿ ಈ ಸಭೆಗೆ ಬರುತ್ತಿದ್ದರು. ಮಂಜರಾಬಾದಿನ ಐರೋಪ್ಯ ತೋಟಗಾರ ರಾಬರ್ಟ್ ಎಲಿಯಟ್ಟರು ಕೂಡ ಈ ಸಭೆಯಲ್ಲಿ ಕುಳಿತವರು. 1894ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಅದರ ಕಾರ್ಯಕಲಾಪಗಳನ್ನು ಅವರು ವರ್ಣಿಸಿದ್ದಾರೆ.

ಆದರೆ ಈ ಸಭೆಗೆ ಹೇಳುವ ಅಧಿಕಾರವಿತ್ತೇ ಹೊರತು ಮಾಡಿಸುವ ಅಧಿಕಾರವಿರಲಿಲ್ಲ. ಪ್ರತಿನಿಧಿಯು ಎದ್ದು ನಿಂತು ಕಂದಾಯದ ಭಾರವನ್ನೋ ಕಾಡಿನ ಇಲಾಖೆಯ ಕಿರುಕುಳವನ್ನೋ ಹೇಳಿಕೊಂಡರೆ, ದಿವಾನರು ಕೇಳುವರು, ಉತ್ತರ ಕೊಡುವರು, ಸಭೆ ಮುಗಿಯುವುದು. ಆಡಿದ ಮಾತು ಆ ಮಂಟಪದ ಗೋಡೆಗಳನ್ನು ದಾಟಿ ನಾಡಿಗೆ ಕೇಳಿಸಬೇಕಾದರೆ ಅದಕ್ಕೆ ಇದ್ದ ವಾಹನ ಒಂದೇ, ವೃತ್ತಪತ್ರಿಕೆ. ಐರೋಪ್ಯ ತೋಟಗಾರನಿಗೆ ತನ್ನ ಸಂಘವಿತ್ತು, ಬ್ರಿಟಿಷ್ ರೆಸಿಡೆಂಟರ ಬಳಿಗೆ ದಾರಿಯಿತ್ತು, ಬೇಕಾದರೆ ಲಂಡನ್ನಿನ ಪ್ರಕಾಶಕನೂ ಇದ್ದನು. ಮೂಡಿಗೆರೆಯ ಕಡೆಯ ಸಣ್ಣ ಹಿಡುವಳಿದಾರನಿಗೂ, ಕಳಸದ ಕಣಿವೆಯ ಅಡಕೆ ಬೆಳೆಗಾರನಿಗೂ, ಘಟ್ಟದ ಕೆಳಗಿನಿಂದ ಬಂದು ತೋಟಗಳಲ್ಲಿ ದುಡಿಯುತ್ತಿದ್ದ ಕೂಲಿಯವನಿಗೂ ಇವಾವುವೂ ಇರಲಿಲ್ಲ. ಮಳೆಗಾಲದಲ್ಲಿ ಹೊಳೆ ಹಳ್ಳಗಳು ತುಂಬಿ ತಿಂಗಳುಗಟ್ಟಲೆ ಹೊರಗಿನ ಸಂಪರ್ಕವೇ ದುಸ್ತರವಾಗುವ ಆ ಊರುಗಳ ಅಳಲು ರಾಜಧಾನಿಗೆ ಮುಟ್ಟಬೇಕಾದರೆ, ಯಾರಾದರೂ ಅದನ್ನು ನಿರ್ಭಯವಾಗಿ ಅಚ್ಚು ಹಾಕಬೇಕಾಗಿತ್ತು.

ತಾತಯ್ಯನವರು ಆ ಕಾರ್ಯವನ್ನು ಕೈಗೆತ್ತಿಕೊಂಡರು. ವೃತ್ತಾಂತ ಚಿಂತಾಮಣಿ, ಸಾಧ್ವಿ, ಸಂಪದಭ್ಯುದಯ ಮೊದಲಾದ ಕನ್ನಡ ಪತ್ರಿಕೆಗಳನ್ನೂ, ಮೈಸೂರ್ ಹೆರಾಲ್ಡ್, ಮೈಸೂರ್ ಪೇಟ್ರಿಯಟ್ ಎಂಬ ಇಂಗ್ಲಿಷ್ ಪತ್ರಿಕೆಗಳನ್ನೂ ಅವರು ತಮ್ಮ ದೀರ್ಘಜೀವನದ ಬೇರೆ ಬೇರೆ ಕಾಲಗಳಲ್ಲಿ ನಡೆಸಿದರು. ಇಂಗ್ಲಿಷ್ ಪತ್ರಿಕೆ ಆಳುವವರ ಕಣ್ಣಿಗೆ, ಕನ್ನಡ ಪತ್ರಿಕೆ ಆಳಿಸಿಕೊಳ್ಳುವವರ ಕಿವಿಗೆ. ಕಿವಿಗೆ ಎಂದದ್ದೇಕೆಂದರೆ, ಅಂದು ಓದು ಬಲ್ಲವರು ಬಹಳ ಸ್ವಲ್ಪ ಮಂದಿ. ಒಬ್ಬನು ಗಟ್ಟಿಯಾಗಿ ಓದಿದರೆ ಹತ್ತು ಮಂದಿ ಸುತ್ತ ಕುಳಿತು ಕೇಳುತ್ತಿದ್ದರು. ಚಂದಾದಾರರ ಸಂಖ್ಯೆ ಅಲ್ಪ, ಬಾಕಿ ನಿಲ್ಲಿಸುವವರೇ ಅಧಿಕ. ಕಾಗದಕ್ಕೂ ಅಚ್ಚಿನ ಮೊಳೆಗಳಿಗೂ ಅಂಚೆಯ ವೆಚ್ಚಕ್ಕೂ ಹಣ ಹೊಂದಿಸುವುದು ನಿತ್ಯದ ಚಿಂತೆ. ಲಾಭಕ್ಕಾಗಿ ಪತ್ರಿಕೆಯನ್ನು ನಡೆಸುವ ಕಾಲ ಅದಾಗಿರಲಿಲ್ಲ. ಪತ್ರಕರ್ತನಿಗೆ ದೊರೆಯುತ್ತಿದ್ದ ಪ್ರತಿಫಲವೆಂದರೆ ಜನರ ವಿಶ್ವಾಸವೊಂದೇ.

ಅವರ ಲೇಖನಿಗೆ ವಿಷಯಗಳ ಕೊರತೆ ಇರಲಿಲ್ಲ. ಹೊರಪ್ರಾಂತಗಳಿಂದ ಬಂದವರೇ ಮೈಸೂರಿನ ಉನ್ನತ ಹುದ್ದೆಗಳನ್ನೆಲ್ಲ ತುಂಬಿದರೆ ನಾಡಿನ ಮಕ್ಕಳ ಗತಿಯೇನೆಂದು ಅವರು ಕೇಳಿದರು. ಸ್ತ್ರೀಯರಿಗೆ ವಿದ್ಯೆ ಬೇಕೆಂದು ವಾದಿಸಿದರು. ಪ್ರಜಾಪ್ರತಿನಿಧಿ ಸಭೆಯ ಸದಸ್ಯರಾಗಿಯೂ ಪ್ರಜೆಗಳ ಪರವಾಗಿ ಮಾತನಾಡಿದರು. ಸಿಂಹಾಸನದ ಮೇಲೆ ಅವರಿಗೆ ಗೌರವವಿತ್ತು. ಅರಸರ ಹೆಸರಿನಲ್ಲಿ ಅಧಿಕಾರ ನಡೆಸುವವರು ಪ್ರಶ್ನಾತೀತರೆಂಬ ಭಾವನೆ ಮಾತ್ರ ಇರಲಿಲ್ಲ. ರಾಜಭಕ್ತಿ ಬೇರೆ, ಅಧಿಕಾರಿಗಳ ಮುಖಸ್ತುತಿ ಬೇರೆ ಎಂಬ ವಿವೇಕವನ್ನು ಅವರು ಎಂದೂ ಬಿಡಲಿಲ್ಲ.

ಹೀಗಿರಲು 1908ನೆಯ ಇಸವಿ ಬಂದಿತು. ವಂಗಭಂಗದ ನಂತರ ಭಾರತವೆಲ್ಲ ಕುದಿಯುತ್ತಿದ್ದ ಸಮಯ. ಬ್ರಿಟಿಷ್ ಸರ್ಕಾರ ಆ ವರ್ಷ ಪತ್ರಿಕೆಗಳ ಮೇಲೆ ಹೊಸ ಶಾಸನವನ್ನು ತಂದಿತು. ಕೇಸರಿ ಪತ್ರಿಕೆಯ ಬರಹಗಳಿಗಾಗಿ ಲೋಕಮಾನ್ಯ ತಿಲಕರಿಗೆ 6 ವರ್ಷಗಳ ಶಿಕ್ಷೆಯನ್ನು ವಿಧಿಸಿ ಅವರನ್ನು ಬರ್ಮಾದ ಮಂಡಾಲೆಗೆ ಕಳುಹಿಸಿತು. ಆಗ ಮೈಸೂರಿನಲ್ಲಿ ದಿವಾನರಾಗಿದ್ದವರು ವಿ. ಪಿ. ಮಾಧವರಾಯರು. 1907ರಲ್ಲಿ ರಾಜ್ಯಕ್ಕೆ ನ್ಯಾಯವಿಧಾಯಕ ಸಭೆಯನ್ನು ತಂದುಕೊಟ್ಟವರೂ ಅವರೇ. ಆದರೆ ಅವರ ಆಡಳಿತದಲ್ಲಿಯೇ, ಮರುವರ್ಷ, ಮೈಸೂರು ವೃತ್ತಪತ್ರಿಕೆಗಳ ರೆಗ್ಯುಲೇಷನ್ ಜಾರಿಗೆ ಬಂದಿತು. ಪ್ರಜೆಗಳ ಬಾಯಿಗೆ ಒಂದು ಮಂಟಪವನ್ನು ಕಟ್ಟಿಕೊಟ್ಟ ಕೈಯೇ ಅವರ ಲೇಖನಿಗೆ ಬೀಗ ಹಾಕಿತು.

ಆ ಶಾಸನದ ಸ್ವರೂಪವನ್ನು ಸ್ವಲ್ಪ ವಿವರಿಸುವುದು ಅವಶ್ಯ. ಅದರಂತೆ ಸರ್ಕಾರದ ಅನುಮತಿಯಿಲ್ಲದೆ ಯಾರೂ ಮೈಸೂರು ಸೀಮೆಯಲ್ಲಿ ಪತ್ರಿಕೆಯನ್ನು ಹೊರಡಿಸುವಂತಿರಲಿಲ್ಲ. ಕೊಟ್ಟ ಅನುಮತಿಯನ್ನು ಸರ್ಕಾರವು ಹಿಂದಕ್ಕೆ ಪಡೆಯಬಹುದಾಗಿತ್ತು. ಬರೆದದ್ದು ಸುಳ್ಳಾದರೆ ಅದನ್ನು ನ್ಯಾಯಸ್ಥಾನದ ಮುಂದೆ ರುಜುವಾತುಪಡಿಸಿ ದಂಡಿಸುವುದು ಒಂದು ಮಾರ್ಗ. ಎಲ್ಲ ಸಭ್ಯ ರಾಜ್ಯಗಳಲ್ಲಿಯೂ ಆ ಮಾರ್ಗವಿದೆ. ಇಲ್ಲಿ ಹಾಗಲ್ಲ. ಬರೆಯುವುದಕ್ಕೆ ಮೊದಲೇ ಅಪ್ಪಣೆ ಬೇಕು. ಅಪ್ಪಣೆ ಕೊಡುವವನೇ ಟೀಕೆಗೆ ಗುರಿಯಾಗಬೇಕಾದವನು. ಕಳ್ಳತನದ ದೂರನ್ನು ಬರೆಯಲು ಕಳವಿನ ಆರೋಪ ಹೊತ್ತವನ ಒಪ್ಪಿಗೆಯನ್ನೇ ಕೇಳಿದಂತೆ ಇದಾಯಿತು. ಸತ್ಯವನ್ನು ಬರೆದವನಿಗೂ ಸುಳ್ಳನ್ನು ಬರೆದವನಿಗೂ ಇಂತಹ ಶಾಸನ ಭೇದವೆಣಿಸುವುದಿಲ್ಲ. ಅದು ಎಣಿಸುವುದು ಪ್ರಿಯವಾದುದು ಯಾವುದು, ಅಪ್ರಿಯವಾದುದು ಯಾವುದು ಎಂಬುದನ್ನು ಮಾತ್ರ.

ತಾತಯ್ಯನವರಿಗೆ ಆಗ 64 ವರ್ಷ ವಯಸ್ಸು. ಅವರ ಮುಂದೆ ಮೂರು ದಾರಿಗಳಿದ್ದವು. ಅನುಮತಿಯನ್ನು ಪಡೆದು, ಆಳುವವರಿಗೆ ನೋವಾಗದಂತೆ ಬರೆಯುತ್ತ, ಪತ್ರಿಕೆಗಳನ್ನು ಉಳಿಸಿಕೊಳ್ಳಬಹುದಾಗಿತ್ತು. ಅಪ್ಪಣೆಯನ್ನು ಲೆಕ್ಕಿಸದೆ ಬರೆದು ದಂಡನೆಯನ್ನು ಅನುಭವಿಸಬಹುದಾಗಿತ್ತು. ಇಲ್ಲವೇ ಮೌನವನ್ನು ತಾಳಬಹುದಾಗಿತ್ತು. ಅವರು ಮೂರನೆಯದನ್ನು ಆರಿಸಿಕೊಂಡರು. ಹಲವು ವರ್ಷಗಳ ಶ್ರಮದಿಂದ ಬೆಳೆಸಿದ್ದ ತಮ್ಮ ಪತ್ರಿಕೆಗಳ ಪ್ರಕಟನೆಯನ್ನು ಪ್ರತಿಭಟನೆಯಾಗಿ ತಾವೇ ನಿಲ್ಲಿಸಿದರು.

ಮೇಲುನೋಟಕ್ಕೆ ಇದು ಸೋಲಿನಂತೆ ತೋರಬಹುದು. ಸರ್ಕಾರ ಬಯಸಿದ್ದೂ ಮೌನವನ್ನೇ ಅಲ್ಲವೇ, ಅದನ್ನು ಅವರು ಕೇಳದೆಯೇ ಕೊಟ್ಟಂತಾಗಲಿಲ್ಲವೇ ಎಂದು ಯಾರಾದರೂ ಶಂಕಿಸಬಹುದು. ವಿಚಾರ ಮಾಡಿ ನೋಡಿದರೆ ಸಂಗತಿ ಬೇರೆಯಾಗಿದೆ. ಇಂತಹ ಶಾಸನಗಳು ಪತ್ರಿಕೆಗಳು ಸಾಯುವುದಕ್ಕಿಂತ, ಅವು ಪಳಗಿ ಬದುಕಿರುವುದನ್ನೇ ಹೆಚ್ಚಾಗಿ ಬಯಸುತ್ತವೆ. ಪಳಗಿದ ಪತ್ರಿಕೆ ಪ್ರತಿದಿನ ಹೊರಬೀಳುತ್ತಿದ್ದರೆ, ನಾಡಿನಲ್ಲಿ ಎಲ್ಲವೂ ಸುಸೂತ್ರವಾಗಿದೆಯೆಂದು ಜನ ನಂಬುತ್ತಾರೆ. ತಮ್ಮ ಊರಿನ ಸಂಕಟ ತಮ್ಮ ಊರಿನದೇ ದುರದೃಷ್ಟವೆಂದು ತಿಳಿಯುತ್ತಾರೆ. ನಿಂತುಹೋದ ಪತ್ರಿಕೆಯಾದರೋ ಏನೋ ಕೆಟ್ಟಿದೆಯೆಂಬುದನ್ನು ಸಾರುತ್ತದೆ. ಬಾಗಿಲು ಮುಚ್ಚಿದ ಅಚ್ಚುಕೂಟದ ಮುಂದೆ ಹಾದುಹೋಗುವ ಪ್ರತಿಯೊಬ್ಬನಿಗೂ ಅದರ ಕಾರಣ ತಿಳಿದಿರುತ್ತದೆ. ಅರ್ಧಸತ್ಯವನ್ನು ಮಾರುವುದಕ್ಕಿಂತ ಅಂಗಡಿಯನ್ನು ಮುಚ್ಚುವುದು ಲೇಸೆಂದು ತಾತಯ್ಯನವರು ನಿರ್ಧರಿಸಿದರು. ನುಡಿ ಸ್ವತಂತ್ರವಾಗಿರಲು ಅವಕಾಶವಿಲ್ಲದಾಗ ಅವರ ನಡೆಯೇ ನುಡಿಯಾಯಿತು.

ಆ ಶಾಸನದ ಪರಿಣಾಮ ಒಬ್ಬರ ಮೇಲೆ, ಒಂದು ಮತದವರ ಮೇಲೆ ಆದುದಲ್ಲ. ಮೈಸೂರಿನಲ್ಲಿ ವೀರಶೈವರ ಒಡೆತನದ ಮೈಸೂರು ಸ್ಟಾರ್ ಪತ್ರಿಕೆಯೂ ಇದ್ದಿತು. ಅದರ ದೃಷ್ಟಿಯೂ ತಾತಯ್ಯನವರ ಪತ್ರಿಕೆಗಳ ದೃಷ್ಟಿಯೂ ಒಂದೇ ಆಗಿರಲಿಲ್ಲ. ಆದರೆ ಶಾಸನ ಎಲ್ಲರಿಗೂ ಒಂದೇ. ತನಗೆ ಒಪ್ಪಿಗೆಯಾಗದ ಮಾತನ್ನು ಆಡುವವನ ಬಾಯಿ ಕಟ್ಟಿದಾಗ ಸಂತೋಷಪಡುವವನು, ಅದೇ ಹಗ್ಗ ನಾಳೆ ತನ್ನ ಕಡೆಗೂ ಬರುವುದೆಂಬುದನ್ನು ಮರೆತಿರುತ್ತಾನೆ. ಆಳುವವರಿಗೂ ಇದರಿಂದ ಹಾನಿಯೇ. ಶಾನುಭೋಗನೂ ಅಮಲ್ದಾರನೂ ಎಲ್ಲವೂ ಸರಿಯಾಗಿದೆಯೆಂದು ಬರೆದು ಕಳುಹಿಸುತ್ತಾರೆ. ಅದನ್ನು ಸುಳ್ಳೆಂದು ತೋರಿಸುವ ಸ್ವತಂತ್ರವಾದ ಪತ್ರಿಕೆ ಇಲ್ಲದಿದ್ದರೆ ಧರ್ಮಿಷ್ಠನಾದ ಅರಸನೂ ಕುರುಡನಾಗುತ್ತಾನೆ. ದೂರದ ಬೆಟ್ಟದ ಊರುಗಳ ವಿಷಯದಲ್ಲಿ ಈ ಕುರುಡು ಇಮ್ಮಡಿಯಾಗುತ್ತದೆ.

ಪತ್ರಿಕೆ ನಿಂತ ಮಾತ್ರಕ್ಕೆ ತಾತಯ್ಯನವರ ಕಾಯಕ ನಿಲ್ಲಲಿಲ್ಲ. ಮೈಸೂರಿನಲ್ಲಿ ಅವರು ಕಟ್ಟಿ ಬೆಳೆಸಿದ ಅನಾಥಾಲಯ ತಂದೆತಾಯಿಗಳಿಲ್ಲದ ಮಕ್ಕಳಿಗೆ ಅನ್ನವನ್ನೂ ಅಕ್ಷರವನ್ನೂ ನೀಡಿತು. ಬಡ ವಿದ್ಯಾರ್ಥಿಗಳು ಅವರಲ್ಲಿಗೆ ಹೋಗಿ ಬರಿಗೈಯಲ್ಲಿ ಮರಳುತ್ತಿರಲಿಲ್ಲವೆಂದು ಪ್ರಸಿದ್ಧಿ. ಕಾಲ ಬದಲಾಗುತ್ತ ಬಂದಂತೆ ಅವರು ಮತ್ತೆ ಪತ್ರಿಕಾಕ್ಷೇತ್ರಕ್ಕೆ ಬಂದರು. ಇಳಿವಯಸ್ಸಿನಲ್ಲಿಯೂ ಲೇಖನಿಯನ್ನು ಕೆಳಗಿಡಲಿಲ್ಲ. ಅಗರಂ ರಂಗಯ್ಯನವರಂತಹ ಕಿರಿಯರು ಸಾಧ್ವಿ ಪತ್ರಿಕೆಯ ಪರಂಪರೆಯನ್ನು ಮುಂದುವರಿಸಿದರು. 1908ರ ಬಿಗಿಯನ್ನು ತಾರುಣ್ಯದಲ್ಲಿ ಕಂಡ ಡಿ. ವಿ. ಗುಂಡಪ್ಪನವರು 1913ರಲ್ಲಿ ಕರ್ನಾಟಕ ಎಂಬ ಇಂಗ್ಲಿಷ್ ಪತ್ರಿಕೆಯನ್ನು ಬೆಂಗಳೂರಿನಿಂದ ಹೊರಡಿಸಿದರು. 1928ರಲ್ಲಿ ಬಾಗಿಲುಕೋಟೆಯಲ್ಲಿ ನೆರೆದ ಕರ್ನಾಟಕ ಪತ್ರಕರ್ತರ ಸಮ್ಮೇಳನದ ಅಧ್ಯಕ್ಷತೆಯನ್ನು ವಹಿಸಿದರು. ಒಂದು ದೀಪದಿಂದ ಮತ್ತೊಂದು ದೀಪ ಹೊತ್ತಿಕೊಳ್ಳುವಂತೆ ಸತ್ಯನಿಷ್ಠೆಯು ಒಂದು ತಲೆಮಾರಿನಿಂದ ಇನ್ನೊಂದಕ್ಕೆ ಸಾಗಿತು.

ತಾತಯ್ಯನವರು 1933ರಲ್ಲಿ, 90ರ ಸಮೀಪದ ವಯಸ್ಸಿನಲ್ಲಿ, ದೇಹವನ್ನು ಬಿಟ್ಟರು. ಅವರ ಬಾಳನ್ನು ಕಂಡವರು ಅವರನ್ನು ಮೈಸೂರಿನ ಭೀಷ್ಮರೆಂದು ಕರೆದರು. ಮೈಸೂರು ನಗರದಲ್ಲಿ ಅವರ ಪ್ರತಿಮೆ ಇಂದಿಗೂ ನಿಂತಿದೆ.

ಅವರು ಕಾಣಲಾಗದ ಸ್ವಾತಂತ್ರ್ಯ 1947ರಲ್ಲಿ ಬಂದಿತು. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 19ನೆಯ ವಿಧಿಯು ವಾಕ್ ಸ್ವಾತಂತ್ರ್ಯವನ್ನು ಪ್ರಜೆಯ ಹಕ್ಕನ್ನಾಗಿ ಮಾಡಿತು. ಇನ್ನು ಭಯವಿಲ್ಲವೆಂದು ಜನ ತಿಳಿದರು. ಆದರೆ 1975ರ ಜೂನ್ 25ರಂದು ತುರ್ತುಪರಿಸ್ಥಿತಿ ಘೋಷಿತವಾಗಿ, ಪತ್ರಿಕೆಗಳ ಮೇಲೆ ಮುನ್ತಪಾಸಣೆ ಬಂದಿತು. 1908ರಲ್ಲಿ ಮೈಸೂರಿನಲ್ಲಿ ನಡೆದದ್ದು, ಪ್ರಜೆಗಳೇ ಆರಿಸಿದ ಸರ್ಕಾರದ ಕೈಯಿಂದ, ಇಡೀ ದೇಶದಲ್ಲಿ ನಡೆಯಿತು. ಆಗ ದೆಹಲಿಯ ಒಂದೆರಡು ಪತ್ರಿಕೆಗಳು ಸಂಪಾದಕೀಯದ ಜಾಗವನ್ನು ಖಾಲಿಯಾಗಿ ಬಿಟ್ಟು ಪ್ರತಿಭಟಿಸಿದವು. ತಾತಯ್ಯನವರ ಮೌನಕ್ಕೂ ಆ ಬಿಳಿಯ ಹಾಳೆಗೂ ಅರ್ಥ ಒಂದೇ. 1977ರ ಮಾರ್ಚಿನಲ್ಲಿ ತುರ್ತುಪರಿಸ್ಥಿತಿ ಕೊನೆಗೊಂಡಿತು. ಮರುವರ್ಷ ನವೆಂಬರಿನಲ್ಲಿ ಚಿಕ್ಕಮಗಳೂರಿನ ಲೋಕಸಭಾ ಉಪಚುನಾವಣೆಯಲ್ಲಿ ಇಂದಿರಾ ಗಾಂಧಿಯವರೂ ವೀರೇಂದ್ರ ಪಾಟೀಲರೂ ಎದುರುಬದುರಾದರು. ದೇಶವಿದೇಶಗಳ ಪತ್ರಕರ್ತರು ಈ ಕಾಫಿಯ ಬೆಟ್ಟಗಳಿಗೆ ಬಂದು ಕಂಡದ್ದನ್ನು ಬರೆದರು. ಗೆಲುವು ಯಾರದಾದರೂ ಆಗಲಿ, ಮತದಾರನು ಎರಡೂ ಕಡೆಯ ಮಾತನ್ನು ಕೇಳಿ ತೀರ್ಮಾನಿಸಿದನು. ಎರಡು ವರ್ಷಗಳ ಹಿಂದೆ ಅದು ಅಸಾಧ್ಯವಾಗಿತ್ತೆಂಬುದನ್ನು ನೆನೆದರೆ, ಆ ಸ್ವಾತಂತ್ರ್ಯದ ಬೆಲೆ ತಿಳಿಯುತ್ತದೆ.

ಪತ್ರಿಕೆಗೆ ಹೇಗೋ ವಿದ್ವತ್ತಿಗೂ ಹಾಗೆಯೇ. ರಂಭಾಪುರಿ ಪೀಠವಿರುವ ಬಾಳೆಹೊನ್ನೂರಿನಲ್ಲಿ 1925ರಿಂದ ಕಾಫಿಯ ಸಂಶೋಧನಾ ಕೇಂದ್ರವಿದೆ. ಗಿಡಕ್ಕೆ ರೋಗ ತಗಲಿದೆಯೆಂದು ಅಲ್ಲಿನ ವಿಜ್ಞಾನಿ ಹೇಳಿದರೆ, ಬೆಲೆ ಇಳಿಯುವುದೆಂಬ ಭಯದಿಂದ ಅವನ ಬಾಯಿ ಮುಚ್ಚಿಸುವ ಬೆಳೆಗಾರನಿಲ್ಲ. ಹಾಗೆ ಮಾಡಿದರೆ ತೋಟವೇ ಹೋಗುವುದೆಂದು ಎಲ್ಲರೂ ಬಲ್ಲರು. ಆದರೆ ಚರಿತ್ರೆಯ ವಿಷಯದಲ್ಲಿ, ಧರ್ಮದ ವಿಷಯದಲ್ಲಿ, ಈ ವಿವೇಕ ನಮ್ಮನ್ನು ಬಿಟ್ಟುಹೋಗುತ್ತದೆ. ಅದನ್ನು ಹೇಳುವಾಗ ಅನ್ಯರ ಕಡೆಗೆ ಬೆರಳು ತೋರಿಸಿ ಸುಮ್ಮನಾಗುವಂತಿಲ್ಲ. ವಚನಗಳ ಸಂಪಾದನೆಗಾಗಿ ಬಾಳನ್ನು ಸವೆಸಿದ ಡಾ. ಎಂ. ಎಂ. ಕಲಬುರ್ಗಿಯವರು, ಮಾರ್ಗ ಎಂಬ ತಮ್ಮ ಸಂಪುಟದಲ್ಲಿ ಶರಣರ ಚರಿತ್ರೆಯನ್ನು ಕುರಿತು ಬರೆದ ಕೆಲವು ಮಾತುಗಳಿಗಾಗಿ, 1989ರಲ್ಲಿ ನಮ್ಮ ಸಮಾಜದೊಳಗಿನಿಂದಲೇ ಬಂದ ಒತ್ತಡಕ್ಕೆ ಸಿಕ್ಕಿ ಅವನ್ನು ಹಿಂತೆಗೆದುಕೊಳ್ಳಬೇಕಾಯಿತು. ಅವರ ನಿರ್ಣಯ ಸರಿಯಿದ್ದಿತೋ ತಪ್ಪಿದ್ದಿತೋ, ಅದನ್ನು ಪರೀಕ್ಷಿಸಲು ಆಧಾರಗಳಿದ್ದವು, ವಿದ್ವಾಂಸರಿದ್ದರು, ಉತ್ತರ ಬರೆಯಲು ಪುಟಗಳಿದ್ದವು. ಆ ಮಾರ್ಗವನ್ನು ಬಿಟ್ಟು ಒತ್ತಡದ ಮಾರ್ಗವನ್ನು ಹಿಡಿದದ್ದು ಅನುಭವ ಮಂಟಪವನ್ನು ನೆನೆಯುವ ಸಮಾಜಕ್ಕೆ ಶೋಭೆಯಲ್ಲ. ಮುಂದೆ 2015ರ ಆಗಸ್ಟ್ 30ರಂದು ಅವರನ್ನು ಧಾರವಾಡದ ಅವರ ಮನೆಯ ಬಾಗಿಲಿನಲ್ಲಿಯೇ ಗುಂಡಿಕ್ಕಿ ಕೊಲ್ಲಲಾಯಿತು. 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನಲ್ಲಿ ಪತ್ರಿಕಾ ಸಂಪಾದಕಿ ಗೌರಿ ಲಂಕೇಶರೂ ಹಾಗೆಯೇ ಹತರಾದರು. ಶಾಸನದಿಂದ ಬಾಯಿ ಕಟ್ಟುವ ಕಾಲದಿಂದ ಪ್ರಾಣವನ್ನೇ ತೆಗೆಯುವ ಕಾಲಕ್ಕೆ ನಾಡು ಬಂದಿತೆಂದರೆ, ಅದು ಪ್ರತಿಯೊಬ್ಬ ಗೃಹಸ್ಥನೂ ಯೋಚಿಸಬೇಕಾದ ಸಂಗತಿ.

ಹಾಗಾದರೆ ಸಂಸಾರಸ್ಥನು ಮಾಡಬೇಕಾದುದೇನು? ತಾತಯ್ಯನವರ ಜೀವನದಲ್ಲಿ ಅದಕ್ಕೆ ಉತ್ತರವಿದೆ. ಅದು ದೊಡ್ಡ ಸಾಹಸವನ್ನೇನೂ ಕೇಳುವುದಿಲ್ಲ. ಸತ್ಯವನ್ನು ಬರೆಯುವ ಪತ್ರಿಕೆಗೆ ಚಂದಾ ಕೊಟ್ಟು, ಬಾಕಿ ನಿಲ್ಲಿಸದೆ ಅದನ್ನು ಉಳಿಸುವುದು ಒಂದು ದಾಸೋಹ. ಕೇಳಿದ ಸುದ್ದಿಯನ್ನು ವಿಚಾರಿಸದೆ ಮತ್ತೊಬ್ಬನಿಗೆ ದಾಟಿಸದಿರುವುದು ಒಂದು ವ್ರತ. ಇಂದು ಕಳಸದ ಕೊನೆಯ ಮನೆಗೂ ಕೈಯೊಳಗಿನ ಯಂತ್ರದಲ್ಲಿ ಕ್ಷಣಮಾತ್ರದಲ್ಲಿ ಸುದ್ದಿ ಬರುತ್ತದೆ. ಸುಳ್ಳೂ ಅಷ್ಟೇ ವೇಗವಾಗಿ ಬರುತ್ತದೆ. ಆದ್ದರಿಂದ ಈ ವ್ರತ ಹಿಂದಿಗಿಂತ ಕಠಿಣವಾಗಿದೆ. ನಮಗೆ ಅಪ್ರಿಯವಾದುದನ್ನು ವಿದ್ವಾಂಸನೊಬ್ಬನು ಬರೆದಾಗ ಆಧಾರವೇನೆಂದು ಕೇಳಿ, ಆಧಾರದಿಂದಲೇ ಉತ್ತರಿಸುವುದು ಶರಣರ ದಾರಿ. ನಮ್ಮ ಹೆಸರಿನಲ್ಲಿ ಯಾರಾದರೂ ಅವನನ್ನು ಹೆದರಿಸಲು ಹೊರಟರೆ, ಬೇಡವೆಂದು ಹೇಳುವವರಲ್ಲಿ ಮೊದಲಿಗರು ನಾವಾಗಬೇಕು.

ಮರಿಮಲ್ಲಪ್ಪನವರು ಧನವನ್ನು ಕೊಟ್ಟರು. ತಾತಯ್ಯನವರು ಆ ನೆಲದಲ್ಲಿ ನಿಂತು ಸತ್ಯವನ್ನು ನುಡಿದರು. ನುಡಿಯಲು ಬಿಡದಾಗ ಸುಳ್ಳನ್ನು ನುಡಿಯಲಿಲ್ಲ. ಇಬ್ಬರ ಕುಲ ಬೇರೆ, ಆಚಾರ ಬೇರೆ. ಅವರು ನಾಡಿಗೆ ಮಾಡಿದ ಸೇವೆ ಮಾತ್ರ ಒಂದೇ ಮಾಲೆಯ ಎರಡು ಹೂವುಗಳಂತಿದೆ. ಸತ್ಯವನ್ನು ಆಡುವ ಧೈರ್ಯವನ್ನೂ, ಪರರ ಸತ್ಯವನ್ನು ಕೇಳುವ ತಾಳ್ಮೆಯನ್ನೂ ಪರಶಿವನು ನಮ್ಮೆಲ್ಲರಿಗೂ ಕರುಣಿಸಲಿ.